20 ಲಕ್ಷ ಹೊಳೆಗಲ್ಲಿನ ಗೋಡೆ

ಕ್ರಾಕೋವ್ ನಗರದ ಹಳೇ ಪೇಟೆಯ ಹತ್ತಿರ 4ನೇ ನಂಬರಿನ ಟ್ರಾಮ್ ಹತ್ತಿ ಕೂತರೆ ಸ್ವಲ್ಪ ಹೊತ್ತಿನಲ್ಲೇ ಊರು ಮುಖ ಬದಲಿಸಿಕೊಳ್ಳುತ್ತದೆ. ಕುದುರೆ ಗಾಡಿ, ಗೋಪುರ, ಪ್ರವಾಸಿಗರ ಗದ್ದಲ ಎಲ್ಲ ಹಿಂದೆ ಉಳಿದು, ಅಗಲವಾದ ರಸ್ತೆಯೂ ಅದರ ಇಬ್ಬದಿಗೆ ಅಳತೆ ಹಿಡಿದು ಕಟ್ಟಿದಂಥ ಬೂದು ಕಟ್ಟಡಗಳೂ ಶುರುವಾಗುತ್ತವೆ. ನನ್ನ ಪಕ್ಕ ಕೂತಿದ್ದವನು ದಾವಣಗೆರೆ ಕಡೆಯ ಹುಡುಗ. ಇಲ್ಲಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ರಾತ್ರಿ ಪಾಳಿ ಮುಗಿಸಿ, ನಿದ್ದೆಗಣ್ಣಲ್ಲೇ ನನಗೆ ದಾರಿ ತೋರಿಸಲು ಬಂದಿದ್ದ. ದಾರಿ ಅವನಿಗೂ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು.

"ಅಲ್ಲ ಸಾರ್, ಬಂದೋರೆಲ್ಲ ಉಪ್ಪಿನ ಗಣಿ ನೋಡಕ್ ಹೋಗ್ತಾರೆ. ನೀವು ಫ್ಯಾಕ್ಟರಿ ಊರು ನೋಡ್ತೀನಿ ಅಂತೀರಲ್ಲ" ಎಂದ.

ನೋಡಬೇಕೆಂದಿದ್ದದ್ದು ಫ್ಯಾಕ್ಟರಿಯನ್ನಲ್ಲ, ಒಂದು ಚರ್ಚನ್ನು. ಆದರೆ ಈ ಊರಿನಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ನೋಡಲಾಗುವುದಿಲ್ಲ. ನೋವಾ ಹುತಾ ಎಂದರೆ ಪೋಲಿಷ್ ಭಾಷೆಯಲ್ಲಿ 'ಹೊಸ ಉಕ್ಕಿನ ಕಾರ್ಖಾನೆ'. 1949ರಲ್ಲಿ ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ ಗೋಧಿ, ಕೋಸು ಬೆಳೆಯುತ್ತಿದ್ದ ಕಪ್ಪು ಮಣ್ಣಿನ ಹೊಲಗಳ ಮೇಲೆ ಈ ಊರನ್ನು ಕಟ್ಟಲು ಹೊರಟಿತು. ದುಡಿಯುವವನೇ ದೊರೆಯಾಗಿರುವ ಮಾದರಿ ಪಟ್ಟಣ. ಶಾಲೆ, ಆಸ್ಪತ್ರೆ, ನಾಟಕಶಾಲೆ ಎಲ್ಲಕ್ಕೂ ನಕ್ಷೆಯಲ್ಲಿ ಜಾಗವಿತ್ತು. ಚರ್ಚಿಗೆ ಮಾತ್ರ ಇರಲಿಲ್ಲ.

ಸೆಂಟ್ರಲ್ ಚೌಕದಲ್ಲಿ ಇಳಿದೆವು. ಅರ್ಧಚಂದ್ರಾಕಾರದ ಈ ಚೌಕದಿಂದ ರಸ್ತೆಗಳು ಬೀಸಣಿಗೆಯ ಕಡ್ಡಿಗಳ ಹಾಗೆ ಹೊರಡುತ್ತವೆ. ಕಟ್ಟಡಗಳ ಕೆಳಗೆ ಕಮಾನಿನ ಪಡಸಾಲೆ, ಮೇಲೆ ಕಂಬಗಳ ಸಾಲು. ಕೂಲಿಗಾರರ ವಸತಿ ಅನ್ನುವುದಕ್ಕಿಂತ ಯಾರೋ ಸಾಮಂತನ ಅರಮನೆಯ ಬೀದಿ ಅನ್ನಿಸುತ್ತದೆ. ಮುಖ್ಯ ಯೋಜಕ ತದೇವುಶ್ ಪ್ತಾಶಿತ್ಸ್ಕಿ ಮತ್ತು ಅವರ ತಂಡದವರು ಕ್ರಾಕೋವಿನ ಪುನರುಜ್ಜೀವನ ಕಾಲದ ಕಟ್ಟಡಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಗೆರೆ ಎಳೆದಿದ್ದಾರೆ. ಹೊಲ ಬಿಟ್ಟು ಬಂದ ರೈತನ ಮಗನಿಗೆ ಇಂಥ ಮನೆ ಕೊಡಬೇಕೆಂಬ ಆಸೆ ಸುಳ್ಳಾಗಿರಲಿಲ್ಲ. ಇಲ್ಲಿಗೆ ಬರುವ ಧಾರ್ಮಿಕ ಮನಸ್ಸಿನ ಬರಹಗಾರರು ಈ ಮಾತನ್ನು ಹೇಳದೆ ದಾಟಿಬಿಡುತ್ತಾರೆ. ನಾನು ದಾಟಲಾರೆ.

ಚೌಕದ ರಸ್ತೆಗಳ ಹೆಸರುಗಳನ್ನು ಓದಿಕೊಂಡು ಒಂದು ಸುತ್ತು ಬಂದರೆ ಪೋಲೆಂಡಿನ ಅರ್ಧ ಶತಮಾನ ಓದಿದ ಹಾಗೆ. ಹಿಂದೆ ಲೆನಿನ್ ರಸ್ತೆಯಾಗಿದ್ದದ್ದು ಈಗ 'ಸಾಲಿಡಾರಿಟಿ' ಕಾರ್ಮಿಕ ಸಂಘದ ಹೆಸರಿನ ರಸ್ತೆ. ಕಮ್ಯುನಿಸ್ಟ್ ಸರ್ಕಾರದ ಆರು ವರ್ಷದ ಯೋಜನೆಯ ಹೆಸರು ಹೊತ್ತಿದ್ದದ್ದು ಈಗ ಎರಡನೇ ಜಾನ್ ಪಾಲ್ ರಸ್ತೆ. ಚೌಕಕ್ಕೇ 2004ರಲ್ಲಿ ರೊನಾಲ್ಡ್ ರೇಗನ್ ಹೆಸರಿಟ್ಟರು. ಇದಂತೂ ಸ್ವಲ್ಪ ಅತಿಯಾಯಿತು. ಉತ್ತರಕ್ಕೆ ಹೋಗುವ ಗುಲಾಬಿ ರಸ್ತೆಯಲ್ಲಿ 1973ರಿಂದ 1989ರ ಡಿಸೆಂಬರಿನ ತನಕ ಲೆನಿನ್ನನ ಭಾರೀ ಪ್ರತಿಮೆ ನಿಂತಿತ್ತು. ಕಿತ್ತ ಮೇಲೆ ಸ್ವೀಡನ್ನಿನವರೊಬ್ಬರು ಕೊಂಡುಕೊಂಡು ತಮ್ಮ ಮನರಂಜನಾ ಉದ್ಯಾನಕ್ಕೆ ಸಾಗಿಸಿದರು.

ಇಟ್ಟಿಗೆ ಗೋಡೆಗೆ ಒರಗಿ ಹುಡುಗನಿಗೆ ಓಝಾನ್ಸ್ಕಿಯ ಕಥೆ ಹೇಳಿದೆ. ಪಿಯೋತ್ರ್ ಓಝಾನ್ಸ್ಕಿ ಈ ಊರು ಕಟ್ಟಿದ ಗಾರೆಯವನು. 1950ರ ಜುಲೈಯಲ್ಲಿ ಅವನೂ ಅವನ ತಂಡವೂ ಒಂದೇ ಪಾಳಿಯಲ್ಲಿ 34 ಸಾವಿರಕ್ಕೂ ಮಿಕ್ಕಿ ಇಟ್ಟಿಗೆ ಇಟ್ಟರು. ಪತ್ರಿಕೆಗಳಲ್ಲಿ ಅವನ ಚಿತ್ರ, ಭಿತ್ತಿಪತ್ರಗಳಲ್ಲಿ ಅವನ ಹೆಸರು. 'ಶ್ರಮವೀರ' ಎಂದು ಬಿರುದು. ಆಮೇಲೆ ಎಲ್ಲರಿಗೂ ಅದೇ ಅಳತೆಗೋಲು. ಇವನು ಮಾಡಿದ್ದನ್ನು ನೀವ್ಯಾಕೆ ಮಾಡುವುದಿಲ್ಲ? ಆಂದ್ಜೆಯ್ ವಾಯ್ದಾ 1977ರಲ್ಲಿ ತೆರೆಗೆ ತಂದ 'ಮ್ಯಾನ್ ಆಫ್ ಮಾರ್ಬಲ್' ಚಿತ್ರದ ನಾಯಕ ಇಂಥದೇ ಒಬ್ಬ ಗಾರೆಯವನು. ಇಟ್ಟಿಗೆ ಇಡುವ ಪ್ರದರ್ಶನದ ನಡುವೆ ಯಾರೋ ಅವನ ಕೈಗೆ ಕಾದ ಇಟ್ಟಿಗೆ ಕೊಟ್ಟುಬಿಡುತ್ತಾರೆ; ಕೈ ಸುಟ್ಟುಹೋಗುತ್ತದೆ.

"ಟಾರ್ಗೆಟ್ ಜಾಸ್ತಿ ಮಾಡ್ಸಿದ್ನಲ್ಲ ಸಾರ್, ಜೊತೆಗಿದ್ದೋರಿಗೆ ಸಿಟ್ಟು ಬರ್ದೆ ಇರುತ್ತಾ?" ಎಂದ ಹುಡುಗ. ರಾತ್ರಿಯೆಲ್ಲ ಎಷ್ಟು ದೂರು ಬಂತು, ಎಷ್ಟು ಮುಗಿಯಿತು ಎಂಬ ಎಣಿಕೆ ನೋಡುತ್ತಾ ಕೂತವನು ಅವನು. ಮುಂದೆ ವಿವರಿಸಬೇಕಾದ ಅಗತ್ಯ ಬೀಳಲಿಲ್ಲ.

ಗುಲಾಬಿ ರಸ್ತೆಯಿಂದ ಉತ್ತರಕ್ಕೆ ನಡೆದೆವು. ಮರಗಳ ನಡುವಿನ ವಸತಿಗಳು, ಮಕ್ಕಳ ಜಾರುಬಂಡೆ, ಕಿಟಕಿಯಲ್ಲಿ ದಿಂಬಿನ ಮೇಲೆ ಮೊಣಕೈ ಊರಿ ಬೀದಿ ನೋಡುವ ಅಜ್ಜಿಯರು. ನಾಟಕಶಾಲೆಯ ಬಡಾವಣೆ ಮುಟ್ಟಿದರೆ ಒಂದು ಶಿಲುಬೆ, ಹತ್ತಿರದಲ್ಲೇ ಆಮೇಲೆ ಕಟ್ಟಿದ ಒಂದು ಚರ್ಚು. ಮೂಲ ಶಿಲುಬೆ ಮರದ್ದು. 1957ರಲ್ಲಿ ಸರ್ಕಾರ ಸ್ವಲ್ಪ ಮೆತ್ತಗಾಗಿ ಚರ್ಚು ಕಟ್ಟಲು ಒಪ್ಪಿದಾಗ ಜನ ನೆಟ್ಟದ್ದು. ಆಮೇಲೆ ಸರ್ಕಾರ ಮಾತು ತಪ್ಪಿತು. ಇಲ್ಲಿ ಶಾಲೆ ಬರುತ್ತದೆ, ಶಿಲುಬೆ ತೆಗೆಯಿರಿ ಎಂದಿತು. 1960ರ ಏಪ್ರಿಲ್ 27ರ ಬೆಳಿಗ್ಗೆ ಅದನ್ನು ಕೀಳಲು ಕೆಲಸಗಾರರು ಬಂದರು.

ಅವರನ್ನು ಮೊದಲು ಅಡ್ಡಗಟ್ಟಿದವರು ಹೆಂಗಸರು. ಗಂಡಸರು ಬೆಳಗಿನ ಪಾಳಿಯಲ್ಲಿ ಕಾರ್ಖಾನೆಯೊಳಗಿದ್ದರು. ಮಣ್ಣು ಹೆಂಟೆ ಎಸೆದು, ಬೈದು, ಕೆಲಸಗಾರರನ್ನು ಹಿಂದಕ್ಕೆ ಅಟ್ಟಿದರು. ಪಾಳಿ ಬಿಟ್ಟು ಗಂಡಸರು ಬಂದು ಸೇರಿದ ಮೇಲೆ ಅದು ದೊಡ್ಡ ಗಲಭೆಯೇ ಆಯಿತು. ಪೊಲೀಸರು, ಅಶ್ರುವಾಯು, ಲಾಠಿ, ಗುಂಡು. ನೂರಾರು ಜನ ಜೈಲು ಸೇರಿದರು. ಶಿಲುಬೆ ಮಾತ್ರ ನಿಂತಲ್ಲೇ ನಿಂತಿತು. ಆ ಕಾಲಕ್ಕೆ ಕಾರ್ಲ್ ಮಾರ್ಕ್ಸ್ ಮತ್ತು ಕವಿ ಮಾಯಕೋವ್ಸ್ಕಿ ಹೆಸರಿನ ಬೀದಿಗಳು ಇಲ್ಲಿ ಕೂಡುತ್ತಿದ್ದವು. ಈಗ ಅವುಗಳಲ್ಲೊಂದು 'ಶಿಲುಬೆ ಕಾದವರ ಬೀದಿ'.

ಇಲ್ಲಿ ಒಂದು ವಿಷಯ ನನ್ನನ್ನು ಕಾಡಿತು. ಶಿಲುಬೆ ಕೀಳಲು ಬಂದವರೂ ಕೂಲಿಯವರೇ. ಅವರ ಕೈಗೆ ಆ ದಿನ ಸಿಕ್ಕ ಕೆಲಸ ಅದು. ಯಾರೋ ಬರೆದ ಆದೇಶಕ್ಕೆ ಹೆಂಟೆಯ ಏಟು ತಿಂದವರು ಅವರು. ಅವರ ಕಥೆಯನ್ನು ಯಾರೂ ಬರೆದಿಟ್ಟಂತಿಲ್ಲ.

ಆ ಬೀದಿಯಲ್ಲೇ ಮುಂದೆ ಹೋದರೆ ಬಿಯೆಂಚಿತ್ಸೆ ಎಂಬ ಹಳ್ಳಿಯಿದ್ದ ಜಾಗ. ಇಲ್ಲೇ, ಬಯಲಲ್ಲಿ, 1959ರ ಕ್ರಿಸ್ಮಸ್ ನಡುರಾತ್ರಿ ಒಬ್ಬ ಎಳೆಯ ಧರ್ಮಾಧ್ಯಕ್ಷರು ಹಿಮದಲ್ಲಿ ನಿಂತು ಬಲಿಪೂಜೆ ಅರ್ಪಿಸಿದರು. ಹೆಸರು ಕರೋಲ್ ವೊಯ್ತಿವಾ. ಮುಂದೆ ಎರಡನೇ ಜಾನ್ ಪಾಲ್ ಎಂಬ ಹೆಸರಿನಲ್ಲಿ ಪೋಪ್ ಆದವರು. ಕಾರ್ಮಿಕರ ನಡುವೆ ಈ ಮನುಷ್ಯ ಅತಿಥಿಯಂತೆ ನಿಲ್ಲಲಿಲ್ಲ. ಅದಕ್ಕೆ ಕಾರಣವಿದೆ. ಜರ್ಮನ್ನರು ಪೋಲೆಂಡನ್ನು ಹಿಡಿದಿದ್ದ ಕಾಲದಲ್ಲಿ, ಜೀತಕ್ಕೆ ಜರ್ಮನಿಗೆ ಸಾಗಹಾಕದಿರಲಿ ಎಂದು ಕೆಲಸದ ಚೀಟಿಗಾಗಿ, ವಿಶ್ವವಿದ್ಯಾಲಯದ ಈ ವಿದ್ಯಾರ್ಥಿ 1940ರಲ್ಲಿ ಕ್ರಾಕೋವಿನ ಝಕ್ಷೂವೆಕ್ ಕಲ್ಲುಗಣಿ ಸೇರಿದ್ದರು. ಸುಣ್ಣದ ಕಲ್ಲು ಒಡೆದು, ಗಾಡಿಗೆ ತುಂಬಿ, ಚಳಿಯಲ್ಲಿ ಮುಖಕ್ಕೆ ಎಣ್ಣೆ ಬಳಿದುಕೊಂಡು ದುಡಿದರು. ಸಿಡಿದ ಬಂಡೆಯ ಚೂರು ಬಡಿದು ಜೊತೆಗಾರನೊಬ್ಬ ಸತ್ತದ್ದನ್ನು ಕಂಡರು. ಕಲ್ಲುಗಣಿಯ ಬಗ್ಗೆ ಅವರು ಬರೆದ ದೀರ್ಘ ಕವಿತೆ ಅಲ್ಲಿಂದ ಬಂದದ್ದು. ಆಮೇಲೆ ಸೋಲ್ವೇ ಸೋಡಾ ಕಾರ್ಖಾನೆಯಲ್ಲಿ ಹೆಗಲ ಮೇಲೆ ಅಡ್ಡೆ ಹೊತ್ತು ಬಕೆಟ್‌ಗಟ್ಟಲೆ ಸುಣ್ಣದ ನೀರು ಸಾಗಿಸುತ್ತಿದ್ದರು. ರಾತ್ರಿ ಪಾಳಿಯಲ್ಲಿ ಅವರು ಪುಸ್ತಕ ಹಿಡಿದರೆ, ಉಳಿದವರು 'ಓದಿಕೋ, ನಾವು ನೋಡಿಕೊಳ್ಳುತ್ತೇವೆ' ಅನ್ನುತ್ತಿದ್ದರಂತೆ. ಈ ಋಣವನ್ನು ಪೋಪ್ ಆದ ಮೇಲೂ ಅವರು ಮರೆಯಲಿಲ್ಲ.

ತಿರುವು ದಾಟಿದ್ದೇ ತಡ, ಚರ್ಚು ಎದುರಿಗೆ ನಿಂತಿತು.

'ಅರ್ಕಾ ಪಾನಾ', ಅಂದರೆ ಪ್ರಭುವಿನ ನಾವೆ. ಸುತ್ತ ನಾಲ್ಕು ಮೂಲೆಯ ಪೆಟ್ಟಿಗೆಗಳಂಥ ವಸತಿ ಕಟ್ಟಡಗಳು. ನಡುವೆ ಮೂಲೆಯೇ ಇಲ್ಲದ, ಹೊಟ್ಟೆ ಉಬ್ಬಿದ, ದಡಕ್ಕೆ ತಗುಲಿ ನಿಂತ ಭಾರೀ ದೋಣಿ. ಮಧ್ಯದಿಂದ 70 ಮೀಟರ್ ಎತ್ತರದ ಉಕ್ಕಿನ ಪಟಸ್ತಂಭ ಎದ್ದು ತುದಿಯಲ್ಲಿ ಶಿಲುಬೆಯಾಗುತ್ತದೆ. ಪ್ರಳಯದ ನೀರಿಳಿದ ಮೇಲೆ ಅರಾರತ್ ಬೆಟ್ಟದ ಮೇಲೆ ನಿಂತ ನೋಹನ ನಾವೆಯನ್ನು ವಾಸ್ತುಶಿಲ್ಪಿ ವೊಯ್ಚೆಕ್ ಪಿಯೆಟ್‌ಶಿಕ್ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಫ್ರಾನ್ಸಿನ ರೋಂಶಾನಲ್ಲಿ ಲ ಕೊರ್ಬೂಸಿಯೇ ಕಟ್ಟಿದ ಚಾಪೆಲ್ಲಿನ ನೆರಳೂ ಇದರ ಮೇಲಿದೆ. ದೂರದಿಂದ ನೋಡಿದರೆ ಸುಂದರ ಅನ್ನಲಾರೆ. ಸ್ವಲ್ಪ ಒಡ್ಡೊಡ್ಡಾಗಿದೆ.

ಹತ್ತಿರ ಹೋಗಿ ಗೋಡೆ ಮುಟ್ಟಬೇಕು. ಹೊರಮೈಯೆಲ್ಲ ಹೊಳೆಗಲ್ಲು. ಕೋಳಿಮೊಟ್ಟೆಯಷ್ಟಿನವು, ಮುಷ್ಟಿಯಷ್ಟಿನವು, ಬೂದು, ಕಂದು, ಮಾಸಲು ಬಿಳಿ, ಅಲ್ಲಲ್ಲಿ ಒಂದು ಹಸಿರು ಛಾಯೆಯದು. ನೀರು ಸಾವಿರಾರು ವರ್ಷ ಉಜ್ಜಿ ನುಣುಪು ಮಾಡಿದಂಥವು. ಸುಮಾರು 20 ಲಕ್ಷ ಕಲ್ಲುಗಳು. ಸರ್ಕಾರ 1967ರಲ್ಲಿ ಅಂತೂ ಅನುಮತಿ ಕೊಟ್ಟಿತೇ ಹೊರತು ಸಾಮಗ್ರಿ, ಯಂತ್ರ ಕೊಡುವ ಮನಸ್ಸು ಮಾಡಲಿಲ್ಲ. ಧರ್ಮಕೇಂದ್ರದ ಗುರು ಯೂಝೆಫ್ ಗೊಝೆಲಾನಿಯವರು ಜನರಿಗೆ ಕೇಳಿಕೊಂಡರು: ಹೊಳೆಯಿಂದ ಕಲ್ಲು ತನ್ನಿ. ದೇಶದ ಮೂಲೆಮೂಲೆಯಿಂದ ಕಲ್ಲು ಬಂದು ಬಿತ್ತು. ಉಕ್ಕಿನ ಕುಲುಮೆಯ ಮುಂದೆ ಪಾಳಿ ಮುಗಿಸಿದವರು ಮನೆಗೆ ಹೋಗದೆ ಇಲ್ಲಿ ಬಂದು ಸಲಿಕೆ ಹಿಡಿದರು. ಪರದೇಶದ ಹುಡುಗ ಹುಡುಗಿಯರು ಬೇಸಿಗೆ ರಜೆಯಲ್ಲಿ ಬಂದು ದುಡಿದರು. ಮೊದಲ ಸಲಿಕೆ ಹಾಕಿದವರು ಅದೇ ವೊಯ್ತಿವಾ, 1967ರ ಅಕ್ಟೋಬರ್ 14ರಂದು. ಅಡಿಗಲ್ಲು ರೋಮಿನಿಂದ, ಸಂತ ಪೇತ್ರರ ಸಮಾಧಿಯ ಕಡೆಯಿಂದ ಬಂತು. ಕೊಟ್ಟು ಕಳಿಸಿದವರು ಆಗಿನ ಪೋಪ್ ಆರನೇ ಪೌಲ್. ಮುಗಿಯಲು ಹತ್ತು ವರ್ಷ ಹಿಡಿಯಿತು.

ಹುಡುಗ ನಿದ್ದೆ ಬಿಟ್ಟು ಗೋಡೆಗೆ ಮುಖ ಹತ್ತಿರ ಮಾಡಿ ನೋಡತೊಡಗಿದ. ಅವನ ಸೋದರಮಾವ ಗಾರೆ ಮೇಸ್ತ್ರಿಯಂತೆ. ರಜೆಯಲ್ಲಿ ಇವನೂ ಕಲಸಿ ಕೊಟ್ಟವನೇ. "ಇದು ಸುಲಭ ಅಲ್ಲ ಸಾರ್. ಹೊಳೆಗಲ್ಲು ನುಣ್ಣಗಿರುತ್ತೆ, ಗಾರೆ ಹಿಡಿಯಲ್ಲ. ಅರ್ಧಕ್ಕಿಂತ ಜಾಸ್ತಿ ಒಳಗೆ ಕೂರ್ಸಬೇಕು. ಕಲ್ಲು ತೊಳ್ದು ಮಣ್ಣು ತೆಗೀದಿದ್ರೆ ವರ್ಷದಾಗೆ ಉದುರುತ್ತೆ." ಬೆರಳಲ್ಲಿ ಒಂದು ಕಲ್ಲನ್ನು ಅಲ್ಲಾಡಿಸಿ ನೋಡಿದ. ಅಲ್ಲಾಡಲಿಲ್ಲ. ಹತ್ತಾರು ಫೋಟೊ ತೆಗೆದು ಮಾವನಿಗೆ ಕಳಿಸಿದ.

ಈ ಗೋಡೆಯ ಮುಂದೆ ನಿಂತಾಗ ಕ್ಯಾಥೊಲಿಕ್ ಧರ್ಮಸಭೆ ದುಡಿಮೆಯ ಬಗ್ಗೆ ಹೇಳುವ ಮಾತು ನನಗೆ ಮೊದಲ ಸಲ ಕೈಗೆ ಸಿಕ್ಕಂತಾಯಿತು. ಪುಸ್ತಕದಲ್ಲಿ ಓದಿದಾಗ ಅದು ಒಣಗಿದ ಸೌದೆಯ ಹಾಗಿತ್ತು. 1981ರ ಸೆಪ್ಟೆಂಬರ್ 14ರಂದು ಎರಡನೇ ಜಾನ್ ಪಾಲ್ ಇಡೀ ಸಭೆಗೆ ಬರೆದ 'ಲಾಬೊರೆಮ್ ಎಕ್ಸೆರ್ಚೆನ್ಸ್' ಪತ್ರದ ತಿರುಳು ಇಷ್ಟು: ಕೆಲಸದ ಬೆಲೆ ಇರುವುದು ಏನು ತಯಾರಾಯಿತು ಅನ್ನುವುದರಲ್ಲಿ ಅಲ್ಲ, ಅದನ್ನು ಮಾಡಿದವನು ಮನುಷ್ಯ ಅನ್ನುವುದರಲ್ಲಿ. ಕೆಲಸ ಇರುವುದು ಮನುಷ್ಯನಿಗಾಗಿ. ಮನುಷ್ಯ ಹುಟ್ಟಿದ್ದು ಕೆಲಸಕ್ಕಾಗಿ ಅಲ್ಲ. ಬಂಡವಾಳಕ್ಕಿಂತ ದುಡಿಯುವವನು ಮೊದಲು. ಸಂಘ ಕಟ್ಟಿಕೊಳ್ಳುವುದು ಅವನ ಹಕ್ಕು, ಸಂಸಾರ ಸಾಗುವಷ್ಟು ಕೂಲಿ ಅವನ ಹಕ್ಕು. ಹೀಗೆ ನೋಡಿದರೆ ಓಝಾನ್ಸ್ಕಿಗೆ ಕೊಟ್ಟ ಗೌರವ ಅವನಿಗೆ ಕೊಟ್ಟದ್ದಲ್ಲ, 34 ಸಾವಿರಕ್ಕೆ ಕೊಟ್ಟದ್ದು. ಸಂಖ್ಯೆ ಹಳತಾದಾಗ ಮನುಷ್ಯನೂ ಹಳಬನಾದ.

ದಿನಾಂಕಗಳು ಇಲ್ಲಿ ಒಂದನ್ನೊಂದು ಹಿಡಿದುಕೊಂಡಿವೆ. ಪೋಪ್ ಹದಿಮೂರನೇ ಲಿಯೋ ಕಾರ್ಮಿಕರ ಪ್ರಶ್ನೆಯ ಮೇಲೆ 'ರೇರುಮ್ ನೊವಾರುಮ್' ಪತ್ರ ಬರೆದದ್ದು 1891ರ ಮೇ 15ರಂದು. ಕಾರ್ಡಿನಲ್ ವೊಯ್ತಿವಾ ಈ ಚರ್ಚನ್ನು ಪ್ರತಿಷ್ಠಾಪಿಸಿದ್ದು 1977ರ ಅದೇ ಮೇ 15ರಂದು. ಪೋಪ್ ಆದ ಮೇಲೆ, ಲಿಯೋ ಪತ್ರಕ್ಕೆ 90 ವರ್ಷ ತುಂಬುವ ದಿನವೇ ತಮ್ಮ ಪತ್ರವನ್ನೂ ಹೊರಡಿಸಬೇಕೆಂದಿದ್ದರು. ಎರಡು ದಿನ ಮೊದಲು ರೋಮಿನಲ್ಲಿ ಗುಂಡೇಟು ಬಿದ್ದು ಮಲಗಿದರು. ಚೇತರಿಸಿಕೊಂಡು ಸಹಿ ಹಾಕಿದ ಸೆಪ್ಟೆಂಬರ್ 14 ಶಿಲುಬೆಯ ಹಬ್ಬದ ದಿನ. ಬೇಕೆಂದೇ ಆರಿಸಿದ ದಿನಗಳಿದ್ದಾವು, ಕಾಕತಾಳೀಯವೂ ಇದ್ದೀತು. ಕಥೆ ಹೇಳುವವನಿಗೆ ಎರಡೂ ಒಂದೇ.

"ನಮ್ ಶರಣರ ಕಾಯಕದ ತರ ಅಲ್ವಾ ಸಾರ್?" ಎಂದ ಹುಡುಗ.

ಆ ಪ್ರಶ್ನೆ ಬಂದೇ ಬರುತ್ತದೆಂದು ಗೊತ್ತಿತ್ತು. ಹೋಲಿಕೆ ಇದೆ, ಆದರೆ ಎಲ್ಲಿಗೆ ಹೋದರೂ ನಮ್ಮ ಮನೆಯ ಚಿಲಕವನ್ನೇ ಹುಡುಕುವುದು ಬೇಡ ಅನ್ನಿಸಿತು. ಕಾಯಕದ ಮಾತು ಹುಟ್ಟಿದ್ದು ತಮ್ಮ ಉಪಕರಣ ತಮ್ಮ ಕೈಯಲ್ಲೇ ಇದ್ದ ನೇಕಾರ, ಮಡಿವಾಳ, ಅಂಬಿಗರ ನಡುವೆ. ಈ ಪತ್ರಗಳು ಹುಟ್ಟಿದ್ದು ತನ್ನ ಕೈ ಬಿಟ್ಟು ಬೇರೇನೂ ಇಲ್ಲದೆ ಕಾರ್ಖಾನೆಯ ಗೇಟಿನ ಮುಂದೆ ನಿಂತವನನ್ನು ನೋಡಿ. ಅದಕ್ಕೇ ಇಲ್ಲಿ ಧ್ಯಾನಕ್ಕಿಂತ ಕೂಲಿ, ಸಂಘ, ಮುಷ್ಕರ, ನಿರುದ್ಯೋಗದ ಮಾತು ಹೆಚ್ಚು. ಎರಡಕ್ಕೂ ಅವುಗಳದೇ ತೂಕವಿದೆ.

ಒಳಗೆ ಹೋದೆವು. ಕಣ್ಣು ಕತ್ತಲಿಗೆ ಹೊಂದಲು ಒಂದು ನಿಮಿಷ ಬೇಕು. ಕಾಂಕ್ರೀಟು ಇಳಿಜಾರಾಗಿ ಮೇಲೇರುತ್ತದೆ, ಮರದ ಛಾವಣಿ ದೋಣಿಯ ಒಡಲಂತೆ ಬಾಗಿದೆ. ಬಲಿಪೀಠದ ಬಳಿ ಬ್ರೋನಿಸ್ವಾವ್ ಖ್ರೋಮಿ ಮಾಡಿದ ಲೋಹದ ಕ್ರಿಸ್ತ, ಎತ್ತರ ಎಂಟು ಮೀಟರಿನಷ್ಟು. ಮೊಳೆಗೆ ಜೋತುಬಿದ್ದ ಕ್ರಿಸ್ತನಲ್ಲ. ಮೈಯನ್ನು ಬಿಲ್ಲಿನಂತೆ ಮುಂದಕ್ಕೆ ಬಾಗಿಸಿ, ಇನ್ನೇನು ಜನರ ಕಡೆ ಹಾರಲಿರುವ ಕ್ರಿಸ್ತ. ನೋಡಿದ ಕೂಡಲೇ ನನಗೆ ನೆನಪಾದದ್ದು ತಳ್ಳುಗಾಡಿ ಎಳೆಯುವವನ ಬೆನ್ನು. ಶಿಲ್ಪಿಯ ಮನಸ್ಸಿನಲ್ಲಿ ಅದು ಇತ್ತೋ ಇಲ್ಲವೋ.

ಪರಮಪ್ರಸಾದದ ಪೆಟ್ಟಿಗೆಯಲ್ಲಿ ಅಪೊಲೊ 11ರ ಗಗನಯಾತ್ರಿಗಳು ಚಂದ್ರನಿಂದ ತಂದದ್ದು ಎಂದು ಇಲ್ಲಿಯವರು ಹೇಳುವ ಕಲ್ಲಿನ ಚೂರಿದೆ. ಹೊಳೆಯ ಕಲ್ಲು ಹೊರಗೆ, ಚಂದ್ರನ ಕಲ್ಲು ಒಳಗೆ. ಜನ ಅದನ್ನೇ ಹೆಚ್ಚು ಕೇಳಿಕೊಂಡು ಬರುತ್ತಾರಂತೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು: 1944ರಲ್ಲಿ ಇಟಲಿಯ ಮೊಂತೆ ಕಸ್ಸೀನೊ ಕಾಳಗದಲ್ಲಿ ಗಾಯಗೊಂಡ ಪೋಲಿಷ್ ಸೈನಿಕರ ಮೈಯಿಂದ ವೈದ್ಯರು ಹೊರತೆಗೆದ ಸಿಡಿಗುಂಡಿನ ಚೂರುಗಳನ್ನು ಕರಗಿಸಿ ಎರಕ ಹೊಯ್ದ ಮಾತೆ ಮರಿಯಳ ಪ್ರತಿಮೆ. ಹತ್ತು ಕಿಲೋದಷ್ಟು ಲೋಹ. ಮನುಷ್ಯರ ಮಾಂಸದೊಳಗಿಂದ ಬಂದದ್ದು. ಉಕ್ಕು ಕರಗಿಸುವವರ ಊರಿಗೆ ಇದಕ್ಕಿಂತ ಹೊಂದುವ ಪ್ರತಿಮೆಯಿಲ್ಲ.

ಮೂರು ಜನ ವಯಸ್ಸಾದ ಹೆಂಗಸರು ಬೆಂಚು ಒರೆಸುತ್ತಿದ್ದರು. ಒಬ್ಬರು ಒದ್ದೆ ಬಟ್ಟೆ, ಇನ್ನೊಬ್ಬರು ಒಣ ಬಟ್ಟೆ, ಮೂರನೆಯವರು ಮಾತು. ಒಂದು ಸಾಲು ಮುಗಿದ ಕೂಡಲೇ ಬಟ್ಟೆಗಳು ಕೈ ಬದಲಾದವು, ಮಾತೂ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ನನ್ನೊಳಗಿನ ತಕರಾರು ತಲೆಯೆತ್ತಿತು. ಈ ಗೋಡೆ ಕಟ್ಟಿದವರಲ್ಲಿ ಎಷ್ಟೋ ಜನ ಕೂಲಿ ಪಡೆಯಲಿಲ್ಲ. ದೇವರ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಳ್ಳುವುದು ಯಾವ ಧರ್ಮಕ್ಕೂ ಹೊಸದಲ್ಲ. ದುಡಿದವನ ಕೂಲಿ ತಡೆಹಿಡಿಯುವುದನ್ನು ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಸಾಲಿನಲ್ಲಿ ಎಣಿಸುವ ಸಭೆ ಇದು. ಹಾಗಾದರೆ? ಇಲ್ಲಿ ಬಂದವರು ತಾವಾಗಿ ಬಂದರು, ಬೇಡವೆಂದಾಗ ಹೋಗಬಹುದಿತ್ತು, ಕಟ್ಟಿದ್ದು ತಮ್ಮದೇ ಮನೆ ಎಂಬುದು ನಿಜ. ಆದರೂ ಇದನ್ನು ಮಾದರಿ ಮಾಡಿಕೊಂಡು, ಚರ್ಚಿನ ಶಾಲೆಯ ಆಯಾಗೂ ಗುರುಮನೆಯ ಅಡುಗೆಯವರಿಗೂ 'ಸೇವೆ ಅಂದುಕೊಳ್ಳಿ' ಎಂದು ಅರ್ಧ ಸಂಬಳ ಕೊಡುವವರು ಇದ್ದಾರೆ. 1971ರಲ್ಲಿ ಧರ್ಮಾಧ್ಯಕ್ಷರ ಮಹಾಸಭೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ: ನ್ಯಾಯದ ಬಗ್ಗೆ ಬೋಧಿಸುವವರು ಮೊದಲು ತಮ್ಮಲ್ಲಿ ದುಡಿಯುವವರಿಗೆ ನ್ಯಾಯ ಕೊಡಬೇಕು. ಈ ಮಾತನ್ನು ಪ್ರತಿ ಚರ್ಚಿನ ಕಚೇರಿಯಲ್ಲೂ, ಕಾಣಿಕೆ ಡಬ್ಬಿಯ ಮೇಲುಗಡೆ, ಅಂಟಿಸಿದರೆ ಒಳ್ಳೆಯದು.

ಚರ್ಚಿನ ಬಳಿ ಬೋಗ್ದಾನ್ ವುವೋಶಿಕ್ ಎಂಬವನ ಸ್ಮಾರಕವಿದೆ. ಉಕ್ಕಿನ ಕಾರ್ಖಾನೆಯ ಕೆಲಸಗಾರ, 20 ವರ್ಷ. 1981ರ ಡಿಸೆಂಬರಿನಲ್ಲಿ ಸೈನಿಕ ಆಡಳಿತ ಹೇರಿ 'ಸಾಲಿಡಾರಿಟಿ' ಕಾರ್ಮಿಕ ಸಂಘವನ್ನು ಹತ್ತಿಕ್ಕಿದ ಮೇಲೆ ಮೆರವಣಿಗೆಗಳು ಈ ಚರ್ಚಿನಿಂದಲೇ ಹೊರಡುತ್ತಿದ್ದವು. ಅಟ್ಟಿಸಿಕೊಂಡು ಬಂದಾಗ ಓಡಿ ಬಂದು ಸೇರುತ್ತಿದ್ದದ್ದೂ ಇಲ್ಲಿಗೇ. 1982ರ ಅಕ್ಟೋಬರ್ 13ರಂದು ವುವೋಶಿಕ್ ಭದ್ರತಾ ಇಲಾಖೆಯ ಅಧಿಕಾರಿಯೊಬ್ಬನ ಗುಂಡಿಗೆ ಬಲಿಯಾದ. ತಾಜಾ ಹೂ ಇಟ್ಟಿದ್ದರು.

ಅದೇ ವರ್ಷಗಳಲ್ಲಿ, ಪಕ್ಕದ ಮಿಸ್ತ್‌ಶೆಯೋವಿತ್ಸೆ ಬಡಾವಣೆಯ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ ಚರ್ಚಿನಲ್ಲಿ ಕಝಿಮಿಯೆಝ್ ಯಾಂತ್ಸಾಶ್ ಎಂಬ ಗುರುಗಳು ಪ್ರತಿ ಗುರುವಾರ ನಾಡಿಗಾಗಿ ಬಲಿಪೂಜೆ ನಡೆಸಿದರು. ಕಾರ್ಮಿಕರಿಗೆಂದೇ ಕ್ರೈಸ್ತ ವಿಶ್ವವಿದ್ಯಾಲಯವೊಂದನ್ನು ಶುರು ಮಾಡಿದರು. ಕುಲುಮೆಯ ಕೆಲಸ ಮುಗಿಸಿ ಬಂದವರು ಅಲ್ಲಿ ಇತಿಹಾಸ, ಕಾನೂನು ಕಲಿತರು. ಅಲ್ಲಿಗೂ ಹೋಗಬೇಕೆಂದಿದ್ದೆ, ಹೊತ್ತಾಗಿತ್ತು. ಹಸಿವೂ ಆಗಿತ್ತು. ಕಾರ್ಮಿಕರಿಗೆಂದು ಹಿಂದೆ ಶುರುವಾದ ಅಗ್ಗದ ಊಟದ ಮನೆಯೊಂದಕ್ಕೆ ಹೊಕ್ಕು, ನಮ್ಮ ಕಡುಬಿನ ತಂಗಿಯಂತಿರುವ ಪಿಯೆರೋಗಿ ತಿಂದೆವು. ತಟ್ಟೆಯನ್ನು ನಾವೇ ಎತ್ತಿ ಕಿಂಡಿಯಲ್ಲಿ ಇಡಬೇಕು. ಹುಡುಗ ಇಟ್ಟ. ನಾನು ಮರೆತು ಎದ್ದಾಗ ಒಳಗಿನಿಂದ ಬಂದ ಗದರಿಕೆಗೆ ಭಾಷೆ ಬರಬೇಕಾದ್ದೇನೂ ಇರಲಿಲ್ಲ.

ಮಧ್ಯಾಹ್ನ ಮತ್ತೆ ಟ್ರಾಮ್ ಹಿಡಿದು ಸಾಲಿಡಾರಿಟಿ ರಸ್ತೆಯ ತುದಿಗೆ, ಕಾರ್ಖಾನೆಯ ಗೇಟಿಗೆ ಹೋದೆವು. ಎರಡು ಕಡೆ ಆಡಳಿತ ಕಚೇರಿಯ ಅರಮನೆಯಂಥ ಕಟ್ಟಡಗಳು. ಜನ ತಮಾಷೆಗೆ 'ವ್ಯಾಟಿಕನ್' ಅನ್ನುತ್ತಿದ್ದರು. ಒಳಗಿನ ಕಾರ್ಖಾನೆಗೆ ಮೊದಲು ಲೆನಿನ್ ಹೆಸರು, 1990ರಿಂದ ಎಂಜಿನಿಯರ್ ಸೆಂಜಿಮಿರ್ ಹೆಸರು, ಈಗ ಆರ್ಸೆಲರ್ ಮಿತ್ತಲ್ ಒಡೆತನ. ಅತಿ ಹೆಚ್ಚು ಉಕ್ಕು ಹೊರಬಂದದ್ದು 1977ರಲ್ಲಿ, 67 ಲಕ್ಷ ಟನ್. ಚರ್ಚು ಮುಗಿದ ವರ್ಷವೇ. ಆ ದಶಕದಲ್ಲಿ ಇಲ್ಲಿ ಸುಮಾರು 40 ಸಾವಿರ ಜನ ದುಡಿಯುತ್ತಿದ್ದರು. 2020ರಲ್ಲಿ ಕೊನೆಯ ಊದುಕುಲುಮೆಯನ್ನೂ ಶಾಶ್ವತವಾಗಿ ಆರಿಸಿದರು. ಗೇಟಿನ ಮುಂದೆ ಪಾಳಿ ಬದಲಾಗುವ ಹೊತ್ತು. ನಾವು ನಿಂತಷ್ಟು ಹೊತ್ತಿನಲ್ಲಿ ಬಂದವರು ಹೋದವರು ಕೈಬೆರಳಲ್ಲಿ ಎಣಿಸುವಷ್ಟು.

ಕೆಲಸದ ಘನತೆ ಬಗ್ಗೆ ಬರೆಯುವವರಿಗೆ ಈ ಗೇಟು ಸುಲಭದ ಜಾಗವಲ್ಲ. 1955ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದಾಗ, ಕೆಂಬಾವುಟದ ಮೆರವಣಿಗೆಗೆ ಎದುರಾಗಿ ಒಬ್ಬ ಬಡಗಿಯನ್ನು ನಿಲ್ಲಿಸಿದ್ದರು. (ನಮ್ಮ ಮಂಗಳೂರಿನ ವಾಮಂಜೂರಿನ ಚರ್ಚಿಗೆ ಇರುವುದೂ ಇದೇ ಕಾರ್ಮಿಕ ಸಂತ ಜೋಸೆಫರ ಹೆಸರು.) ಆಗಿನ ಜಗಳ ದುಡಿಯುವವನು ಯಾರವನು ಎಂಬುದಾಗಿತ್ತು. ಈಗ ಬಾವುಟವೂ ಇಲ್ಲ, ಕುಲುಮೆಯೂ ಇಲ್ಲ. ಚರ್ಚು ಗೆದ್ದಿತು ಅನ್ನುವುದಾದರೆ ಯಾವುದನ್ನು ಗೆದ್ದಿತು? ನಿರುದ್ಯೋಗ ಯಾವ ರೂಪದಲ್ಲಿದ್ದರೂ ಕೆಡುಕೇ ಎಂದು ಜಾನ್ ಪಾಲ್ ಅದೇ ಪತ್ರದಲ್ಲಿ ಬರೆದಿದ್ದಾರೆ. ಅದನ್ನು ಬರೆದಾಗ ಈ ಗೇಟಿನೊಳಗೆ ಹತ್ತಾರು ಸಾವಿರ ಜನ ಇದ್ದರು. 'ಮನುಷ್ಯ ಬರೀ ಉತ್ಪಾದನೆಯ ಉಪಕರಣ ಅಲ್ಲ' ಎಂಬ ಮಾತು ಯೋಜನಾ ಆಯೋಗಕ್ಕೆ ಎಷ್ಟು ತಾಗಬೇಕಿತ್ತೋ ಷೇರುಪೇಟೆಗೂ ಅಷ್ಟೇ ತಾಗಬೇಕು. ಮೊದಲನೆಯದಕ್ಕೆ ಚರ್ಚು ಕಟ್ಟಿ ಉತ್ತರ ಕೊಟ್ಟರು. ಎರಡನೆಯದಕ್ಕೆ ಉತ್ತರವಾಗಿ ಇಲ್ಲಿ ನನಗೇನೂ ಕಾಣಲಿಲ್ಲ.

ಕಡೆಯದಾಗಿ ಮೋಗಿವಾ. ನೋವಾ ಹುತಾ ಹುಟ್ಟುವ ಏಳು ಶತಮಾನ ಮೊದಲೇ ಇದ್ದ ಹಳ್ಳಿ, ಈಗ ಅದೇ ಪಟ್ಟಣದ ಹೊಟ್ಟೆಯೊಳಗಿದೆ. ಪ್ರಾರ್ಥನೆಯ ಜೊತೆಗೆ ಕೈಕೆಲಸವನ್ನೂ ವ್ರತವಾಗಿ ಮಾಡಿಕೊಂಡ ಸಿಸ್ಟರ್ಷಿಯನ್ ಸನ್ಯಾಸಿಗಳು 13ನೇ ಶತಮಾನದಲ್ಲಿ ಇಲ್ಲಿ ಮಠ ಹೂಡಿದರು. ಪೋಪ್ ಆದ ಮೇಲೆ 1979ರಲ್ಲಿ ಊರಿಗೆ ಬಂದ ಜಾನ್ ಪಾಲರಿಗೆ ಸರ್ಕಾರ ಅರ್ಕಾ ಪಾನಾಗೆ ಹೋಗಲು ಬಿಡಲಿಲ್ಲ. ಜೂನ್ 9ರಂದು ಈ ಮಠದ ಮುಂದೆಯೇ ನಿಂತು, ಶಿಲುಬೆಯನ್ನೂ ಮನುಷ್ಯನ ದುಡಿಮೆಯನ್ನೂ ಬೇರೆ ಮಾಡಲಾಗದು ಎಂಬ ಅರ್ಥದ ಮಾತು ಆಡಿದರು. ಗೋಡೆಯಾಚೆ ಕಾರ್ಖಾನೆಯ ಹೊಗೆ ಆಗ ಕಾಣುತ್ತಿದ್ದಿರಬೇಕು.

ಮಠದ ಎದುರಿಗೆ ಸಂತ ಬಾರ್ತೊಲೊಮೇಯರ ಮರದ ಚರ್ಚು. ಮೈಯೆಲ್ಲ ಮರದ ಹಲಗೆ, ಕಪ್ಪಿಟ್ಟು ಮಾಗಿದ ಬಣ್ಣ, ತಗ್ಗು ಸೂರು. ಅರ್ಕಾ ಪಾನಾ ನೋಡಿ ಬಂದವರಿಗೆ ಇದು ಕೊಟ್ಟಿಗೆಯಷ್ಟೇ ಅನ್ನಿಸೀತು. ಇದರ ಬಾಗಿಲ ಚೌಕಟ್ಟನ್ನು ಕೆತ್ತಿದವನು ಮಾಚೆಯ್ ಮೊಂಚ್ಕಾ ಎಂಬ ಬಡಗಿ. ಹೇಗೆ ಗೊತ್ತೆಂದರೆ, ಅವನೇ ಹೆಸರು ಕೆತ್ತಿಟ್ಟಿದ್ದಾನೆ, ಇಸವಿಯ ಸಮೇತ: 1466. ಕಮಾನಿನ ಅಂಚು ಉಳಿ ನಡೆದ ದಾರಿಯನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.

ಓಝಾನ್ಸ್ಕಿಯ ಹೆಸರನ್ನು ಬೇರೆಯವರು ಬರೆದರು, ಬೇರೆಯವರೇ ಅಳಿಸಿದರು. 20 ಲಕ್ಷ ಕಲ್ಲು ತಂದವರು ಹೆಸರು ಬರೆಯಲೇ ಇಲ್ಲ. ಈ ಬಡಗಿ ಯಾರ ಅಪ್ಪಣೆಗೂ ಕಾಯಲಿಲ್ಲವೆಂದು ಕಾಣುತ್ತದೆ. ಹಾಗೆಂದು ಹುಡುಗನಿಗೆ ಹೇಳಹೊರಟೆ. ಅವನು ಫೋನಿನಲ್ಲಿ ಮುಳುಗಿದ್ದ. ದಾವಣಗೆರೆಯಿಂದ ಮಾವನ ಉತ್ತರ ಬಂದಿತ್ತು. ಧ್ವನಿ ಸಂದೇಶ, ಹಿಂದೆ ಎಲ್ಲೋ ಕಾಂಕ್ರೀಟ್ ಮಿಕ್ಸರ್ ತಿರುಗುವ ಸದ್ದು. ಹುಡುಗ ಜೋರಾಗಿ ಹಾಕಿ ನನ್ನ ಕಿವಿಯ ಹತ್ತಿರ ಹಿಡಿದ.

"ಕಲ್ಲೇನೋ ಕೂರ್ಸವ್ರೆ, ಕೆಲ್ಸ ನೀಟಾಗೈತೆ. ಅಲ್ಲಲೇ, ಗೋಡೆ ಹೊಟ್ಟೆ ಮುಂದಕ್ ಬಂದೈತಲ್ಲ, ಅದ್ರ ಕೆಳಗಡೆ ಮಾಡಾಕೆ ಸಾರುವೆ ಹೆಂಗ್ ಕಟ್ಟಿದ್ರಂತೆ? ಅದನ್ನ ಕೇಳು."